ಹಡಗು ಕಂಪನಿಯ ಹೊಣೆಗಾರಿಕೆ ವರದಿಯನ್ನು ಓದುವ ಕ್ರಮ

ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲಿ, ಅದರಲ್ಲೂ ಉದುಮ, ಕೋಟಿಕುಳಂ, ಬೇಕಲ ಭಾಗದಲ್ಲಿ, ಮಗನೋ ಅಳಿಯನೋ ಶಿಪ್ಪಿನಲ್ಲಿದ್ದಾನೆ ಎನ್ನುವ ಮನೆಗಳಿಗೆ ಕೊರತೆಯಿಲ್ಲ. ಸಂಬಳ ಎಷ್ಟು, ಕಾಂಟ್ರಾಕ್ಟ್ ಎಷ್ಟು ತಿಂಗಳದ್ದು ಎಂದು ವಿಚಾರಿಸುವ ಈ ಮನೆಯವರು, ಪರಿಸರ, ಕಾರ್ಮಿಕರು, ಅಪಘಾತಗಳ ವಿಷಯದಲ್ಲಿ ತಾನು ಹೇಗೆ ನಡೆದುಕೊಂಡೆನೆಂದು ಅದೇ ಕಂಪನಿ ವರ್ಷಕ್ಕೊಮ್ಮೆ ಪ್ರಕಟಿಸುವ ಹೊಣೆಗಾರಿಕೆ ವರದಿಯನ್ನು, ಅಂದರೆ ಸುಸ್ಥಿರತಾ ವರದಿಯನ್ನು, ತೆರೆದು ನೋಡುವುದು ಅಪರೂಪ. ಕಡಲನ್ನೇ ನಂಬಿದ ಮೀನುಗಾರರಿಗೂ ಈ ವರದಿ ಸಂಬಂಧಪಟ್ಟದ್ದೇ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿಯ ಹೊರಗಡಲಿನಲ್ಲಿ ಮುಳುಗಿ, ಅದರಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು ಕೇರಳದ ದಕ್ಷಿಣ ತೀರಕ್ಕೆ ಬಂದು ಬಿದ್ದವು. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 9ರಂದು, ಉತ್ತರ ಕೇರಳದ ಹೊರಗಡಲಿನಲ್ಲಿ ವಾನ್ ಹೈ 503 ಎಂಬ ಇನ್ನೊಂದು ಕಂಟೇನರ್ ಹಡಗು ಹೊತ್ತಿ ಉರಿಯಿತು.

ವರದಿ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನೂರಾರು ಪುಟಗಳನ್ನು ಕಂಡು ಹೆದರಬೇಕಾಗಿಲ್ಲ. ಮೊದಲ ಪುಟಗಳ ನೀಲಿ ಕಡಲು, ಡಾಲ್ಫಿನ್, ನಗುವ ನಾವಿಕರು, ಅಧ್ಯಕ್ಷರ ಸಂದೇಶ ಇವೆಲ್ಲವನ್ನೂ ದಾಟಿ ನೇರವಾಗಿ ಕೊನೆಯ ಅಂಕಿಅಂಶಗಳ ಪಟ್ಟಿಗೆ ಹೋಗಬೇಕು. ಜಾಗ ಕೊಳ್ಳುವವರು ಮನೆಯ ಬಣ್ಣಕ್ಕಿಂತ ಮೊದಲು ಕ್ರಯಪತ್ರವನ್ನೂ ತೀರ್ವೆ ರಶೀದಿಯನ್ನೂ ನೋಡುವ ಹಾಗೆಯೇ ಇದು. ಕನಿಷ್ಠ ಐದು ವರ್ಷಗಳ ಅಂಕಿಗಳನ್ನು ಒಂದೇ ಸಾಲಿನಲ್ಲಿ ಕೊಡದ ವರದಿಯನ್ನು ಅಲ್ಲಿಗೇ ಸ್ವಲ್ಪ ಅನುಮಾನದಿಂದ ನೋಡಲು ಆರಂಭಿಸಬಹುದು.

ಮೊದಲು ನೋಡಬೇಕಾದದ್ದು ಇಂಗಾಲದ ಲೆಕ್ಕ, ಓದುಗರ ಕಣ್ಣು ಹೆಚ್ಚಾಗಿ ತಪ್ಪುವುದೂ ಇಲ್ಲಿಯೇ. ಹಡಗು ಕಂಪನಿಗಳು ಎರಡು ಬಗೆಯ ಅಂಕಿಗಳನ್ನು ಕೊಡುತ್ತವೆ: ಒಂದು ಟನ್ ಸರಕನ್ನು ಒಂದು ನಾಟಿಕಲ್ ಮೈಲು ಸಾಗಿಸಲು ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಎಷ್ಟು ಗ್ರಾಂ ಎಂಬುದು ಒಂದು, ಇಡೀ ವರ್ಷದಲ್ಲಿ ಹೊರಬಿದ್ದದ್ದು ಒಟ್ಟು ಎಷ್ಟು ಟನ್ ಎಂಬುದು ಇನ್ನೊಂದು. ಕಂಪನಿಯೊಂದು 1,000 ಕೋಟಿ ಟನ್-ಮೈಲು ಸಾಗಾಟವನ್ನು 10 ಗ್ರಾಂ ದರದಲ್ಲಿ ನಡೆಸಿದರೆ ಒಟ್ಟು ಹೊರಸೂಸುವಿಕೆ ಒಂದು ಲಕ್ಷ ಟನ್. ಕೆಲವು ವರ್ಷಗಳ ಬಳಿಕ ದರ 8 ಗ್ರಾಮಿಗೆ ಇಳಿದು, ಸಾಗಾಟ 1,500 ಕೋಟಿ ಟನ್-ಮೈಲಿಗೆ ಏರಿತು ಎಂದಿಟ್ಟುಕೊಳ್ಳಿ. ಆಗ ಒಟ್ಟು ಮೊತ್ತ 1.2 ಲಕ್ಷ ಟನ್ ಆಗುತ್ತದೆ. ಮುಖಪುಟದಲ್ಲಿ ಶೇಕಡಾ 20ರಷ್ಟು ಇಳಿಕೆ ಎಂದು ಮುದ್ರಿಸಿದರೂ ಸುಳ್ಳಾಗುವುದಿಲ್ಲ, ಆದರೆ ಗಾಳಿಗೆ ಸೇರಿದ ಇಂಗಾಲ ಶೇಕಡಾ 20ರಷ್ಟು ಹೆಚ್ಚಿದೆ. ವಿಶ್ವಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕಡಲ ಸಂಘಟನೆ, ಅಂದರೆ ಐಎಂಒ, 2023ರಲ್ಲಿ ಒಪ್ಪಿದ ಕಾರ್ಯನೀತಿಯಲ್ಲಿ ಎರಡಕ್ಕೂ ಬೇರೆಬೇರೆ ಗುರಿಗಳಿವೆ. 2008ಕ್ಕೆ ಹೋಲಿಸಿದರೆ 2030ರೊಳಗೆ ಸಾಗಾಟದ ಪ್ರತಿ ಘಟಕದ ಇಂಗಾಲ ಸರಾಸರಿ ಕನಿಷ್ಠ ಶೇಕಡಾ 40ರಷ್ಟು, ಒಟ್ಟು ಹಸಿರುಮನೆ ಅನಿಲ ಕನಿಷ್ಠ ಶೇಕಡಾ 20ರಷ್ಟು ಇಳಿಯಬೇಕು. 2050ರ ಹೊತ್ತಿಗೆ ಅಥವಾ ಅದರ ಆಸುಪಾಸಿನಲ್ಲಿ ನಿವ್ವಳ ಶೂನ್ಯ ತಲುಪಬೇಕು. ಕಂಪನಿ ತನ್ನನ್ನು ಯಾವ ಗುರಿಯ ಎದುರು ಅಳೆದುಕೊಂಡಿದೆ, ಹೋಲಿಕೆಗೆ ಯಾವ ವರ್ಷವನ್ನು ಆರಿಸಿಕೊಂಡಿದೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಲೆಕ್ಕವನ್ನು ಸ್ವತಃ ತಾಳೆ ನೋಡುವ ಸುಲಭ ದಾರಿಯೂ ಇದೆ. ಒಂದು ಟನ್ ಭಾರದ ಇಂಧನ ತೈಲ ಉರಿದರೆ ಸುಮಾರು 3.1 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಪಟ್ಟಿಯಲ್ಲಿರುವ ಇಂಧನದ ಟನ್ನುಗಳನ್ನು 3.1ರಿಂದ ಗುಣಿಸಿ, ಕಂಪನಿ ಕೊಟ್ಟ ಮೊತ್ತದ ಪಕ್ಕದಲ್ಲಿ ಬರೆಯಿರಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಬಾಡಿಗೆಗೆ ಪಡೆದ ಹಡಗುಗಳನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟಿರಬಹುದು, ಅಥವಾ ದ್ರವೀಕೃತ ನೈಸರ್ಗಿಕ ಅನಿಲ, ಜೈವಿಕ ಇಂಧನ, ಮೆಥನಾಲ್ ಬಳಕೆಯಲ್ಲಿರಬಹುದು. ನೈಸರ್ಗಿಕ ಅನಿಲದ ಹಡಗುಗಳಿದ್ದರೆ ಎಂಜಿನ್ನಿನಲ್ಲಿ ಉರಿಯದೆ ಸೋರಿಹೋಗುವ ಮೀಥೇನ್ ಎಂಬ ಇನ್ನೊಂದು ಹಸಿರುಮನೆ ಅನಿಲವನ್ನು ಎಣಿಸಲಾಗಿದೆಯೇ ಎಂದು ಹುಡುಕಬೇಕು, ಏಕೆಂದರೆ ಬರೀ ಇಂಗಾಲದ ಡೈಆಕ್ಸೈಡಿನ ಲೆಕ್ಕ ಕೊಟ್ಟರೆ ಅಂಥ ಹಡಗು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ.

ಗಂಧಕದ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. 2020ರ ಜನವರಿ 1ರಿಂದ ಇಂಧನದಲ್ಲಿ ಗಂಧಕ ಶೇಕಡಾ 0.50ನ್ನು ಮೀರಬಾರದೆಂಬುದು ನಿಯಮವಾದ್ದರಿಂದ, ಅದನ್ನು ಪಾಲಿಸಿದ್ದೇ ಸಾಧನೆಯೆಂದು ಬರೆದಿದ್ದರೆ ಮುಂದಕ್ಕೆ ಹೋಗಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಹೆಚ್ಚು ಗಂಧಕದ ಇಂಧನವನ್ನೇ ಉರಿಸಲು ಅನುವು ಮಾಡಿಕೊಡುವ, ಹೊಗೆ ತೊಳೆಯುವ ಸ್ಕ್ರಬರ್ ಎಷ್ಟು ಹಡಗುಗಳಲ್ಲಿದೆ, ತೊಳೆದ ನೀರು ಮರಳಿ ಕಡಲಿಗೆ ಬೀಳುತ್ತದೆಯೇ?

ಹಳೆಯ ಹಡಗುಗಳು ಎಲ್ಲಿಗೆ ಹೋದವು ಎಂಬ ಭಾಗವನ್ನು ಮಾತ್ರ ನಿಧಾನವಾಗಿ ಓದಬೇಕು. ಹಡಗನ್ನು ಸುರಕ್ಷಿತವಾಗಿ, ಪರಿಸರಕ್ಕೆ ಹಾನಿಯಾಗದಂತೆ ಒಡೆಯುವುದಕ್ಕೆ ಸಂಬಂಧಿಸಿದ ಹಾಂಗ್‌ಕಾಂಗ್ ಒಪ್ಪಂದ 2009ರಲ್ಲಿ ಅಂಗೀಕಾರವಾಗಿದ್ದರೂ ಜಾರಿಗೆ ಬಂದದ್ದು 2025ರ ಜೂನ್ 26ರಂದು. ಕೆಲವು ಕಂಪನಿಗಳು ಮುದಿ ಹಡಗನ್ನು ತಾವೇ ಒಡೆಯಲು ಕಳಿಸದೆ, ನಗದು ಕೊಟ್ಟು ಕೊಳ್ಳುವ ಮಧ್ಯವರ್ತಿಗೆ ಮಾರುತ್ತವೆ. ಆತ ಹೆಸರನ್ನೂ ಧ್ವಜವನ್ನೂ ಬದಲಿಸಿ ಅದನ್ನು ದಕ್ಷಿಣ ಏಷ್ಯಾದ ಯಾವುದೋ ತೀರಕ್ಕೆ ಒಯ್ಯುತ್ತಾನೆ. ವರದಿಯಲ್ಲಿ ಒಡೆಯಲು ಕೊಟ್ಟ ಹಡಗು ಸೊನ್ನೆ ಎಂದೇ ಇರುತ್ತದೆ. ಆದ್ದರಿಂದ ಮಾರಿದ ಹಡಗುಗಳ ಪಟ್ಟಿಯನ್ನೂ ನೋಡಿ, ಇಪ್ಪತ್ತು ವರ್ಷ ದಾಟಿದವು ಯಾವುವು ಎಂದು ಗುರುತಿಸಿ, ಅವುಗಳ ಐಎಂಒ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಹೆಸರು, ಧ್ವಜ, ಒಡೆತನ ಎಷ್ಟು ಸಲ ಬದಲಾದರೂ ಈ ಏಳಂಕಿ ಬದಲಾಗುವುದಿಲ್ಲ. ಈಕ್ವಾಸಿಸ್ ಎಂಬ ಉಚಿತ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಆ ಸಂಖ್ಯೆ ಹಾಕಿದರೆ ಹಡಗಿನ ಒಡೆಯರು, ನಿರ್ವಾಹಕರು, ಬಂದರುಗಳ ತಪಾಸಣೆಯಲ್ಲಿ ದೋಷ ಕಂಡು ತಡೆಹಿಡಿದ ಸಂದರ್ಭಗಳು ಕಣ್ಣೆದುರಿಗೆ ಬರುತ್ತವೆ. ಕಂಪನಿಯ ನುಣುಪು ಕಾಗದಕ್ಕಿಂತ ಈ ಬಣ್ಣವಿಲ್ಲದ ಪುಟವೇ ನನಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ.

ಇನ್ನು ಹಡಗಿನಲ್ಲಿ ದುಡಿಯುವವರ ವಿಷಯ. ಉದ್ಯೋಗಿಗಳ ಅಧ್ಯಾಯವನ್ನು ತೆರೆದ ಕೂಡಲೇ, ಹಡಗಿಗೆ ಸಿಬ್ಬಂದಿ ಒದಗಿಸುವ ಮ್ಯಾನಿಂಗ್ ಏಜೆನ್ಸಿಯ ಮೂಲಕ ಬಂದ ನಾವಿಕರನ್ನು ಉದ್ಯೋಗಿಗಳೆಂದು ಎಣಿಸಿದ್ದಾರೆಯೇ ಎಂದು ನೋಡಬೇಕು. ಎಣಿಸದಿದ್ದರೆ ಅಲ್ಲಿ ಬರೆದಿರುವ ಹೆರಿಗೆ ರಜೆ, ತರಬೇತಿ, ಆರೋಗ್ಯ ವಿಮೆ ಎಲ್ಲವೂ ಕಚೇರಿಯವರ ಕತೆ. ಎಂಜಿನ್ ರೂಮಿನಲ್ಲಿರುವ ಹುಡುಗನಿಗೂ ಅದಕ್ಕೂ ಸಂಬಂಧವಿಲ್ಲ. ಗಾಯಗಳ ಪ್ರಮಾಣವನ್ನು ಹತ್ತು ಲಕ್ಷ ಗಂಟೆಗೆ ಇಷ್ಟು ಎಂದು ಕೊಡುತ್ತಾರೆ, ಆದರೆ ನಾವಿಕ ಹಡಗಿನಲ್ಲಿರುವ ದಿನದ 24 ಗಂಟೆಯನ್ನೂ, ಅವನು ಮಲಗಿರುವ ಹೊತ್ತನ್ನೂ ಸೇರಿಸಿ, ಲೆಕ್ಕಕ್ಕೆ ಹಿಡಿಯುವ ಪದ್ಧತಿ ಈ ಉದ್ಯಮದಲ್ಲಿದೆ. ಹಾಗಾಗಿ ಆ ಅಂಕಿಯನ್ನು ದಡದ ಕಾರ್ಖಾನೆಯ ಅಂಕಿಯೊಡನೆ ಹೋಲಿಸಬಾರದು. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ವಿಶ್ರಾಂತಿಯ ಗಂಟೆಗಳನ್ನು ಲೆಕ್ಕ ಹಿಡಿಯುವಲ್ಲಿ ಯಾವುದೇ 24 ಗಂಟೆಗಳಲ್ಲಿ 10 ಗಂಟೆ, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಇರಲೇಬೇಕು. ಅದನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಆರು ಗಂಟೆಗೆ ಕಡಿಮೆಯಾಗುವಂತಿಲ್ಲ. ಇದು ಮುರಿದುಬಿದ್ದ ಸಂದರ್ಭಗಳ ಎಣಿಕೆಯನ್ನು ಕೊಡುವ ಕಂಪನಿ, ಎಲ್ಲವೂ ಸರಿಯಾಗಿದೆ ಎನ್ನುವ ಕಂಪನಿಗಿಂತ ಎಷ್ಟೋ ವಾಸಿ. ಅದೇ ಒಪ್ಪಂದದಂತೆ ನೇಮಕಾತಿಗಾಗಿ ನಾವಿಕನಿಂದ ಹಣ ಪಡೆಯುವಂತಿಲ್ಲ. ಊರಿನ ಏಜೆಂಟ್ ಲಕ್ಷಗಟ್ಟಲೆ ಕೇಳಿದರೆ ಎಷ್ಟು ಒಳ್ಳೆಯ ವರದಿಯಿದ್ದರೂ ಪ್ರಯೋಜನವಿಲ್ಲ. ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಪರವಾನಗಿ ಇದೆಯೇ ಎಂದು ಆ ನಿರ್ದೇಶನಾಲಯದ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬೇಕು.

ಅಪಘಾತಗಳ ಅಧ್ಯಾಯದಲ್ಲಿ ಸೋರಿದ ತೈಲದ ಪ್ರಮಾಣ ಇರುತ್ತದೆ, ಕಡಲಿಗೆ ಬಿದ್ದ ಕಂಟೇನರುಗಳ ಸಂಖ್ಯೆಯೂ ಇರಬೇಕು. ಪರಿಹಾರದ ದಾವೆಗಳು ಬಾಕಿಯಿದ್ದರೆ ಅದು ಈ ವರದಿಯಲ್ಲಿ ಸಿಗದೆ ಹಣಕಾಸು ವರದಿಯ ಟಿಪ್ಪಣಿಗಳಲ್ಲಿ ಸಿಗಬಹುದು, ಅದನ್ನೂ ತೆರೆಯಿರಿ. ಹಾನಿಗೂ ಪರಿಹಾರಕ್ಕೂ ನಡುವೆ ಎಷ್ಟು ದೂರವಿರುತ್ತದೆಂದು ಎಂಡೋಸಲ್ಫಾನ್ ಕೀಟನಾಶಕದ ದುರಂತವನ್ನು ಕಂಡ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ಕಂಪನಿ ನಮ್ಮೂರಿಗೇ ಏನಾದರೂ ಕೊಡಲು ಬಂದಾಗ ಮಾಡಬೇಕಾದದ್ದು. ಭಾರತದ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚು, ಬೇರೆಯೇ ವ್ಯವಹಾರ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಖರ್ಚು ಮಾಡಬೇಕು, ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಜಾಗತಿಕ ಕಂಪನಿಯ ಸಾವಿರಾರು ಕೋಟಿ ಲಾಭವನ್ನು ನೋಡಿ ಆಸೆಪಡುವಂತಿಲ್ಲ. ಲೆಕ್ಕಕ್ಕೆ ಬರುವುದು ಭಾರತದಲ್ಲಿರುವ ಅದರ ಅಂಗಸಂಸ್ಥೆಯದ್ದು. ಶಿರಿಯಾ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವ ಯೋಜನೆಯೊಂದನ್ನು ಪಂಚಾಯತಿನ ಮುಂದಿಟ್ಟರೆನ್ನಿ. ಒಂದೇ ವರ್ಷದ ಖರ್ಚು ಗಿಡ ನೆಟ್ಟ ದಿನದ ಫೋಟೋಗೆ ಸಾಕಾಗುತ್ತದೆ, ಸತ್ತ ಗಿಡದ ಜಾಗದಲ್ಲಿ ಮತ್ತೆ ನೆಡುವುದಕ್ಕೆ ಸಾಕಾಗದು. ಆದ್ದರಿಂದ ಅದನ್ನು ಮುಂದುವರಿಯುವ ಯೋಜನೆ ಎಂದೇ ಕಂಪನಿಯ ಮಂಡಳಿಯಿಂದ ಮಂಜೂರು ಮಾಡಿಸಿಕೊಳ್ಳಬೇಕು. ಆಗ ಆರಂಭದ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷಗಳವರೆಗೆ ಅವಧಿ ಸಿಗುತ್ತದೆ, ಆಯಾ ವರ್ಷ ಖರ್ಚಾಗದೆ ಉಳಿದ ಹಣವನ್ನು ಹಣಕಾಸು ವರ್ಷ ಮುಗಿದ 30 ದಿನಗಳೊಳಗೆ ಕಂಪನಿ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕಾಗುತ್ತದೆ. ಎಷ್ಟು ಗಿಡ ಬದುಕಿರಬೇಕು, ಎಣಿಸುವವರು ಯಾರು, ಮೀನುಗಾರರ ದೋಣಿ ಹೋಗುವ ದಾರಿ ಯಾವುದು ಎಂಬ ಮೂರು ಅಂಶಗಳನ್ನು ಸಹಿ ಹಾಕುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.