ಎಂಟು ಹಾಕಿ, ಎಚ್ ತೆಗೆದ ಕಥೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆ ಲೈಸೆನ್ಸ್ ಆಯಿತೇ ಎಂದು ಕೇಳುವವರು ಕಡಿಮೆ. ಎಂಟು ಹಾಕಿದೆಯಾ, ಎಚ್ ಸಿಕ್ಕಿತೇ ಎಂದೇ ವಿಚಾರಣೆ. ಎಂಟು ಎಂದರೆ 8ರ ಆಕಾರದಲ್ಲಿ ಬೈಕ್ ಓಡಿಸುವ ಪರೀಕ್ಷೆ, ಎಚ್ ಎಂದರೆ H ಆಕಾರದಲ್ಲಿ ಕಾರು ಓಡಿಸುವ ಪರೀಕ್ಷೆ. ನಾನು ಬೈಕ್ ಮತ್ತು ಕಾರು ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿದ್ದೆ, ಹದಿನೆಂಟು ತುಂಬಿದ ಮೇಲೆ. ಹದಿನಾರಕ್ಕೇ ಸಿಗುವ ಲೈಸೆನ್ಸ್ ಒಂದಿದೆ, ನಿಜ. ಆದರೆ ಅದು 50 ಸಿಸಿ ಒಳಗಿನ, ಗೇರ್ ಇಲ್ಲದ ದ್ವಿಚಕ್ರಕ್ಕೆ ಮಾತ್ರ, ಅದೂ ಹೆತ್ತವರ ಒಪ್ಪಿಗೆಯಿದ್ದರೆ. ಮನೆಯಲ್ಲಿರುವ ಸ್ಕೂಟರುಗಳೆಲ್ಲ ನೂರು ಸಿಸಿ ಮೇಲಿನವು. ಆ ಲೈಸೆನ್ಸ್ ಮಾಡಿಸಿ ಅದರ ಫೋಟೊ ನೋಡಿಕೊಳ್ಳಬೇಕಷ್ಟೇ.

'ಸಾರಥಿ' ಜಾಲತಾಣದಲ್ಲಿ ಅರ್ಜಿ ಹಾಕುವುದು ಕಷ್ಟವಲ್ಲ. ಆಧಾರ್, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪುಸ್ತಕ, ವೈದ್ಯರು ಸಹಿ ಹಾಕಿದ ಕಣ್ಣಿನ ಸರ್ಟಿಫಿಕೇಟ್ ಸಾಕು. ತೊಡಕಿರುವುದು ಹೆಸರಿನಲ್ಲಿ. ನಮ್ಮವರ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇರುವುದು ಮಾಮೂಲು. ಇನಿಶಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಇದನ್ನು ಮೊದಲೇ ಸರಿಪಡಿಸಿಕೊಳ್ಳಿ.

ಲರ್ನರ್ಸ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದೆ. ಭಾಷೆ ಆಯ್ದುಕೊಳ್ಳುವ ಕಡೆ ಕನ್ನಡವೂ ಇದೆ. ಕೇಳುವವರಿಲ್ಲ ಎಂದು ಬಿಡಬೇಡಿ. ಫಲಕಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಬದಲು ಆಕಾರ ಹಿಡಿದು ಓದಿದೆ: ತ್ರಿಕೋನ ಎಚ್ಚರಿಕೆ, ವೃತ್ತ ಆಜ್ಞೆ, ನೀಲಿ ಚೌಕ ಮಾಹಿತಿ. ಏರು ರಸ್ತೆಯಲ್ಲಿ ಎರಡು ವಾಹನ ಎದುರಾದರೆ ಹತ್ತುವವನಿಗೆ ದಾರಿ ಬಿಡಬೇಕು ಎಂಬ ನಿಯಮವನ್ನು ಓದಿದಾಗ ನಗು ಬಂತು. ನಮ್ಮ ಗುಡ್ಡದ ರಸ್ತೆಗಳಲ್ಲಿ ಇಳಿಯುವ ಜೀಪಿಗೆ ಇದನ್ನು ಹೇಳುವವರು ಯಾರು?

ಲರ್ನರ್ಸ್ ಕೈಗೆ ಬಂದು ಮೂವತ್ತು ದಿನ ಕಳೆಯದೆ ಮುಂದಿನ ಪರೀಕ್ಷೆ ಇಲ್ಲ. ಅದರ ಆಯುಸ್ಸು ಆರು ತಿಂಗಳು. ಈ ನಡುವೆ ಕಾರಿನ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ಎಲ್, ಪಕ್ಕದಲ್ಲಿ ಲೈಸೆನ್ಸ್ ಇರುವವರು. ನನ್ನ ಪಕ್ಕದಲ್ಲಿ ಡ್ರೈವಿಂಗ್ ಶಾಲೆಯ ಮಾಷ್, ಅಂದರೆ ಮೇಷ್ಟ್ರು, ಕೂರುತ್ತಿದ್ದರು.

ಎಂಟಿನಲ್ಲಿ ಕಾಲು ನೆಲಕ್ಕೆ ತಾಗಬಾರದು, ಅಷ್ಟೇ. ಹಿಂದೆ ಕೈಯಲ್ಲೇ ಗೇರ್ ಹಾಕುವ ಬಜಾಜ್ ಎಂ80 ಎಂಬ ಸಣ್ಣ ದ್ವಿಚಕ್ರದಲ್ಲಿ ಎಲ್ಲರೂ ಎಂಟು ಹಾಕುತ್ತಿದ್ದರಂತೆ. 2024ರ ಆಗಸ್ಟಿನಿಂದ ಅದನ್ನು ಕೈಬಿಟ್ಟು, ಕಾಲಿನಲ್ಲಿ ಗೇರ್ ಇರುವ ಬೈಕೇ ಬೇಕೆಂದರು. ಬೈಕಿನ ಹ್ಯಾಂಡಲ್ ನೋಡದೆ, ಮುಂದೆ ತಿರುಗಬೇಕಾದ ಕಡೆ ಕಣ್ಣಿಟ್ಟರೆ ಎಂಟು ತಾನಾಗಿ ಬರುತ್ತದೆ.

ಎಚ್ ಹಾಗಲ್ಲ. ಕಂಬಿಗಳನ್ನು ನೆಟ್ಟ ಒಂದು ಸಾಲಿನಲ್ಲಿ ನೇರ ಮುಂದೆ ಹೋಗಿ, ರಿವರ್ಸಿನಲ್ಲಿ ಬರುತ್ತ ನಡುವಿನ ಅಡ್ಡದಾರಿಗೆ ತಿರುಗಿ, ಇನ್ನೊಂದು ಸಾಲಿಗೆ ಸೇರಬೇಕು. ಕಂಬಿಗೆ ತಾಗಿತೋ, ಆ ದಿನ ಮುಗಿಯಿತು. ಹಿಂದಿನ ಗಾಜಿನಲ್ಲಿ ಇಂಥ ಕಂಬಿ ಕಂಡ ಕೂಡಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸು ಎಂದು ಮಾಷ್ ಲೆಕ್ಕ ಹೇಳಿಕೊಡುತ್ತಾರೆ. ಲೆಕ್ಕ ಸರಿಯೇ, ಆದರೆ ಅದು ಅವರ ಕಾರಿಗೆ, ಅವರ ಸೀಟಿಗೆ ಸರಿ. ನಾನು ಕುಳ್ಳಿ, ಸೀಟು ಮುಂದೆ ಎಳೆದರೆ ಅದೇ ಕಂಬಿ ಬೇರೆ ಜಾಗದಲ್ಲಿ ಕಾಣುತ್ತದೆ. ಹಾಗಾಗಿ ಮೊದಲು ಸೀಟು ಸರಿಮಾಡಿ, ಕನ್ನಡಿ ತಿರುಗಿಸಿ, ನನ್ನದೇ ಗುರುತು ಕಂಡುಕೊಂಡೆ. ಆಮೇಲೆ ಉಳಿದದ್ದು ಎಡಗಾಲಿನ ಕೆಲಸ. ಆಕ್ಸಿಲರೇಟರ್ ಮುಟ್ಟುವುದೇ ಬೇಡ. ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬಂದರೆ ಒಂದು ಹಂತದಲ್ಲಿ ಕಾರು ಸಣ್ಣಗೆ ನಡುಗಿ ತೆವಳಲು ತೊಡಗುತ್ತದೆ. ಪಾದವನ್ನು ಅಲ್ಲೇ ಹಿಡಿದಿಡಬೇಕು. "ಕಾರು ಆಮೆಯಂತೆ ಹೋದರೆ ಸ್ಟಿಯರಿಂಗಿಗೆ ಬೇಕಾದಷ್ಟು ಸಮಯವಿದೆ ಮಗಳೇ" ಎನ್ನುತ್ತಿದ್ದರು ಮಾಷ್. ಪಾಸಾದದ್ದು ಆ ಒಂದು ಮಾತಿನಿಂದ.

ಗಡಿಯಾಚೆ ಕರ್ನಾಟಕದಲ್ಲಿ ಸುಲಭ, ಅಲ್ಲೇ ಮಾಡಿಸು ಎಂದು ಮಾವ ಒತ್ತಾಯಿಸಿದ್ದರು. ವಾಸವಿರುವುದು ಇಲ್ಲಿ, ಆಧಾರ್ ಇಲ್ಲಿಯದು, ಬೇಡವೆಂದೆ. ಕೇರಳದ ಲೈಸೆನ್ಸಿಗೆ ಗಡಿಯ ತಲಪಾಡಿ ದಾಟಿದರೂ ಅದೇ ಬೆಲೆ. ಮೂವತ್ತರೊಳಗೆ ಮಾಡಿಸಿದರೆ ನಲವತ್ತು ತುಂಬುವವರೆಗೂ ಚಿಂತೆಯಿಲ್ಲ.

ಈಗ ತಮ್ಮನ ಸರದಿ. ಅವನಿಗೆ ಹದಿನಾರು, ಅಂಗಡಿಗೆ ಹೋಗಿ ಬರುವಷ್ಟಕ್ಕೆ ಸ್ಕೂಟರ್ ಕೊಡು ಎಂದು ದಿನವೂ ಅಪ್ಪನ ಹಿಂದೆ ಬೀಳುತ್ತಾನೆ. 2019ರ ತಿದ್ದುಪಡಿಯ ಪ್ರಕಾರ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಜೊತೆಗೆ ಮೂರು ವರ್ಷದವರೆಗೆ ಜೈಲು, ಸ್ಕೂಟರಿನ ನೋಂದಣಿ ಒಂದು ವರ್ಷ ರದ್ದು. ಇದನ್ನೆಲ್ಲ ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ತನಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ ಎಂದು ಕೇಳಿದ ಮೇಲೆ ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬಂದ.