ಪದಪುಂಜವೋ, ಉಪವಾಕ್ಯವೋ, ವಾಕ್ಯವೋ: ಮೊದಲು ಕ್ರಿಯಾಪದ ಹುಡುಕಿ

ಇಂಗ್ಲಿಷ್‌ನಲ್ಲಿ ಫ್ರೇಸ್, ಕ್ಲಾಝ್, ಸೆಂಟೆನ್ಸ್, ಅಂದರೆ ಪದಪುಂಜ, ಉಪವಾಕ್ಯ, ವಾಕ್ಯಗಳನ್ನು ಗುರುತಿಸಿ ಎಂದರೆ ತುಮಕೂರಿನ ಸಂಜೆ ಟ್ಯೂಷನ್‌ಗಳಲ್ಲಿ ಕೂರುವ ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಅನೇಕರು ಮೊದಲು ಪದಗಳನ್ನು ಎಣಿಸತೊಡಗುತ್ತಾರೆ. ಚಿಕ್ಕದಾದರೆ ಪದಪುಂಜ, ಉದ್ದವಾದರೆ ವಾಕ್ಯ ಎಂಬುದು ಅವರ ಲೆಕ್ಕ. ಆದರೆ ‘ಬರ್ಡ್ಸ್ ಫ್ಲೈ’ ಎಂಬ ಎರಡೇ ಪದಗಳು ಪೂರ್ಣ ವಾಕ್ಯವಾಗುತ್ತವೆ. ‘ದ ಸ್ಟೋನ್ ಸ್ಟೆಪ್ಸ್ ಟು ದ ಟೆಂಪಲ್ ಆನ್ ದ ಟಾಪ್ ಆಫ್ ದ ಹಿಲ್ ಅಟ್ ದೇವರಾಯನದುರ್ಗ’ ಎಂಬ ಹದಿನಾಲ್ಕು ಪದಗಳು ಮಾತ್ರ ಪದಪುಂಜವಾಗಿಯೇ ಉಳಿಯುತ್ತವೆ.

ಪದ ಎಣಿಸುವ ಬದಲು ನಾಲ್ಕು ಹಂತಗಳಲ್ಲಿ ನೋಡಿ. ಮೊದಲ ಹಂತದಲ್ಲಿ ಪೆನ್ಸಿಲ್ ಹಿಡಿದು ಕ್ರಿಯೆಯನ್ನಾಗಲಿ ‘ಈಸ್’, ‘ಆರ್’ನಂತೆ ಇರುವಿಕೆಯನ್ನಾಗಲಿ ಸೂಚಿಸುವ ಪದಗಳ ಕೆಳಗೆ ಗೆರೆ ಎಳೆಯಿರಿ. ಕರ್ತೃವನ್ನು ಮೊದಲು ಹುಡುಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಯಾವ ನಾಮಪದವಾದರೂ ಕರ್ತೃವಿನಂತೆ ಕಂಡುಬಿಡುತ್ತದೆ. ಗೆರೆ ಎಳೆಯಲು ಏನೂ ಸಿಗದಿದ್ದರೆ ಅದು ಪದಪುಂಜ. ಕೆಲಸ ಅಲ್ಲಿಗೇ ಮುಗಿಯಿತು.

ಬಹುಪಾಲು ಮಕ್ಕಳು ಎಡವುವುದು ಎರಡನೆಯ ಹಂತದಲ್ಲಿ. ಗೆರೆ ಎಳೆದ ಪದವು ಕಾಲವನ್ನು ಸೂಚಿಸುವ ಪೂರ್ಣ ಕ್ರಿಯಾಪದವೇ ಎಂಬುದನ್ನು ಇಲ್ಲಿ ನೋಡಬೇಕು. ಕೋಲಾರದ ಮಂಡಿಯಲ್ಲಿ ‘ಟೊಮೆಟೊ ಮಾರುವ ರೈತ’ ಎಂದರೆ ಮಾತು ಇನ್ನೂ ಮುಗಿದಿಲ್ಲವೆಂದು ಕನ್ನಡದ ಕಿವಿಗೆ ತಕ್ಷಣ ತಿಳಿಯುತ್ತದೆ, ಏಕೆಂದರೆ ‘ಮಾರುವ’ ಕೃದಂತ, ಅಂದರೆ ಕ್ರಿಯೆಯ ಧಾತುವಿನಿಂದ ಹುಟ್ಟಿದರೂ ವಾಕ್ಯವನ್ನು ಮುಗಿಸದ ರೂಪ. ಇದನ್ನೇ ಇಂಗ್ಲಿಷ್‌ನಲ್ಲಿ ‘ದ ಫಾರ್ಮರ್ ಸೆಲ್ಲಿಂಗ್ ಟೊಮೇಟೋಸ್’ ಎಂದೂ ‘ದ ಫಾರ್ಮರ್ ಹೂ ಸೆಲ್ಸ್ ಟೊಮೇಟೋಸ್’ ಎಂದೂ ಹೇಳಬಹುದು. ಮೊದಲನೆಯದು ಬರಿಯ ಪದಪುಂಜ, ಎರಡನೆಯದರೊಳಗೆ ‘ಹೂ ಸೆಲ್ಸ್ ಟೊಮೇಟೋಸ್’ ಎಂಬ ಉಪವಾಕ್ಯವಿದೆ. ಕನ್ನಡದಲ್ಲಿ ಎರಡಕ್ಕೂ ‘ಮಾರುವ’ ಒಂದೇ ಸಾಕಾಗುವುದರಿಂದ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ: ಮಾತನ್ನು ನಿನ್ನೆಯದಾಗಿ ಬದಲಿಸಿ. ‘ಸೆಲ್ಸ್’ ಆಗ ‘ಸೋಲ್ಡ್’ ಆಗಲೇಬೇಕು. ‘ಸೆಲ್ಲಿಂಗ್’, ‘ಟು ಸೆಲ್’ ಇದ್ದಂತೆಯೇ ಇರುತ್ತವೆ. (ಪದವಿ ಮಟ್ಟದ ಹಲವು ವ್ಯಾಕರಣಗಳು ಇಂಥವನ್ನೂ ‘ನಾನ್‌ಫೈನೈಟ್ ಕ್ಲಾಝ್’, ಅಂದರೆ ಕಾಲ ಸೂಚಿಸದ ಉಪವಾಕ್ಯ, ಎಂದು ಕರೆಯುತ್ತವೆ; ಶಾಲೆಯ ಪರೀಕ್ಷೆಗೆ ಆ ಗೊಂದಲ ಬೇಡ.)

ಇನ್ನೂ ಜಾಗರೂಕತೆ ಬೇಕಾಗಿರುವುದು ‘ಇಡಿ’ (-ed) ಅಕ್ಷರಗಳಲ್ಲಿ ಕೊನೆಗೊಳ್ಳುವ ಪದಗಳ ವಿಷಯದಲ್ಲಿ. ಕೋಲಾರದ ಚಿನ್ನದ ಗಣಿಗಳ ಬಗ್ಗೆ ‘ದ ಮೈನ್ಸ್ ಕ್ಲೋಸ್ಡ್ ಇನ್ 2001’ ಎಂದು ಬರೆದು ಪೂರ್ಣವಿರಾಮ ಇಟ್ಟರೆ ಅದು ವಾಕ್ಯ. ‘ದ ಮೈನ್ಸ್ ಕ್ಲೋಸ್ಡ್ ಇನ್ 2001 ಆರ್ ಫುಲ್ ಆಫ್ ವಾಟರ್’ ಎಂದು ಮುಂದುವರಿಸಿದ ಕೂಡಲೇ ಅವೇ ಪದಗಳು ಪದಪುಂಜವಾಗಿಬಿಡುತ್ತವೆ, ಕಾಲವನ್ನು ಸೂಚಿಸುವ ಹೊಣೆ ‘ಆರ್’ಗೆ ಹೋಗುತ್ತದೆ. ಸಂಶಯ ಬಂದಾಗ ‘ಕ್ಲೋಸ್ಡ್’ಗೆ ಮುಂಚೆ ‘ವಿಚ್ ವರ್’ ಸೇರಿಸಿ ಓದಿ. ಆಗಲೂ ವಾಕ್ಯ ಪೂರ್ಣವಾಗಿ ನಿಂತರೆ ‘ಕ್ಲೋಸ್ಡ್’ ಅಲ್ಲಿ ಪೂರ್ಣ ಕ್ರಿಯಾಪದವಲ್ಲ.

ಮೂರನೆಯ ಹಂತ ಕರ್ತೃವನ್ನು ಕಾಣುವುದು. ‘ಕಮ್ ಹಿಯರ್’ನಂಥ ಆಜ್ಞೆಗಳಲ್ಲಿ ‘ಯು’ ಅಡಗಿರುತ್ತದೆ, ಅಷ್ಟೆ.

ಕರ್ತೃವೂ ಪೂರ್ಣ ಕ್ರಿಯಾಪದವೂ ಸಿಕ್ಕಿದರೆ ಅದು ಉಪವಾಕ್ಯವೆಂದು ಖಚಿತವಾಯಿತು. ಅದು ಸ್ವತಂತ್ರವಾಗಿ ನಿಲ್ಲುವುದೇ ಎಂಬುದನ್ನು ನಾಲ್ಕನೆಯ ಹಂತದಲ್ಲಿ ನೋಡಿ. ‘ವೆನ್ ದ ಬಸ್ ರೀಚ್ಡ್ ಚಿಂತಾಮಣಿ’ ಎಂದು ಹೇಳಿ ನಿಲ್ಲಿಸಿದರೆ ಕೇಳುವವರು ಮುಂದೇನು ಎಂದು ಕಾಯುತ್ತಾರೆ. ‘ವೆನ್’ ತೆಗೆದರೆ ಅದೇ ವಾಕ್ಯ. ಬಸ್ ನಿಲ್ದಾಣದ ಬಳಿ ಮಾರುವ ಅಗ್ಗದ ಗೈಡ್‌ಗಳು ‘ವೆನ್’ನಂಥ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತವೆ. ಆ ಪಟ್ಟಿಯನ್ನೇ ನಂಬಬೇಡಿ, ‘ಆಫ್ಟರ್’, ‘ಬಿಫೋರ್’, ‘ಸಿನ್ಸ್’, ‘ಅಂಟಿಲ್’ ಎರಡು ಕಡೆಯೂ ಬರುತ್ತವೆ: ‘ಆಫ್ಟರ್ ದ ರೇನ್’ ಪದಪುಂಜ, ‘ಆಫ್ಟರ್ ದ ರೇನ್ ಸ್ಟಾಪ್ಡ್’ ಉಪವಾಕ್ಯ. ಪದಪುಂಜ, ಉಪವಾಕ್ಯ, ವಾಕ್ಯ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಜಾತಿಗಳೆಂಬಂತೆ ಆ ಗೈಡ್‌ಗಳು ಹಾಕುವ ಕೋಷ್ಟಕವೂ ಅಷ್ಟೇ ತಪ್ಪು. ಸ್ವತಂತ್ರ ಉಪವಾಕ್ಯಕ್ಕೆ ಪೂರ್ಣವಿರಾಮ ಹಾಕಿದರೆ ಅದೇ ವಾಕ್ಯ.

ಅಭ್ಯಾಸಕ್ಕೆ ಗೈಡ್‌ನ ಬಿಡಿ ಸಾಲುಗಳಿಗಿಂತ ಪಠ್ಯಪುಸ್ತಕದ ಒಂದು ಪ್ಯಾರಾ ಒಳ್ಳೆಯದು. ಅದರಲ್ಲಿ ಎಷ್ಟು ಪೂರ್ಣ ಕ್ರಿಯಾಪದಗಳಿವೆಯೋ ಸಾಮಾನ್ಯವಾಗಿ ಅಷ್ಟೇ ಉಪವಾಕ್ಯಗಳಿರುತ್ತವೆ. ಎಣಿಸುವಾಗ ‘ಹ್ಯಾಸ್ ಬೀನ್ ಸೆಲ್ಲಿಂಗ್’ ಮೂರು ಪದಗಳಾದರೂ ಒಂದೇ ಕ್ರಿಯಾಪದವೆಂದು ಹಿಡಿಯಬೇಕು.