ಅಣ್ಣನಿಗಾಗಿ ಎಂಎಸ್ ಟ್ರಯಲ್‌ಗಳನ್ನು ಓದಲು ಕಲಿತದ್ದು

ಅಣ್ಣನಿಗಿರುವುದು ಪ್ರೈಮರಿ ಪ್ರೊಗ್ರೆಸಿವ್ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಮೆದುಳು ಮತ್ತು ಬೆನ್ನುಹುರಿಯ ನರಗಳನ್ನು ಹಾಳುಮಾಡುವ ಕಾಯಿಲೆಯ ಒಂದು ಬಗೆ. ಬಂದು, ಕಡಿಮೆಯಾಗಿ, ಮತ್ತೆ ಮರುಕಳಿಸುವ ಬಗೆಯದಲ್ಲ. ಶುರುವಿನಿಂದಲೇ ನಿಧಾನಕ್ಕೆ ಏರುತ್ತಾ ಹೋಗುವಂಥದ್ದು. ಹಾಗಾಗಿ ಎಂಎಸ್‌ಗೆ ಹೊಸ ಔಷಧಿ ಎಂಬ ಸುದ್ದಿ ಕಂಡರೆ, ಅದರ ಟ್ರಯಲ್‌ನಲ್ಲಿ, ಅಂದರೆ ಔಷಧಿ ಪ್ರಯೋಗದಲ್ಲಿ, ಯಾವ ಬಗೆಯ ರೋಗಿಗಳಿಗೆ ಕೊಟ್ಟು ನೋಡಿದರು ಎಂದು ಮೊದಲು ಹುಡುಕುತ್ತೇನೆ. ಮರುಕಳಿಸುವ ಬಗೆಗೆ ಚೆನ್ನಾಗಿ ಒಗ್ಗುವ ಫಿಂಗೋಲಿಮಾಡ್ ಎಂಬ ಔಷಧಿ, ಪ್ರೈಮರಿ ಬಗೆಯಲ್ಲಿ ಪ್ಲಸೀಬೊಗಿಂತ (ಔಷಧಿಯಿಲ್ಲದ ತೋರಿಕೆಯ ಮದ್ದಿಗಿಂತ) ಮೇಲೆನಿಸಲಿಲ್ಲ.

ಆಮೇಲಿನ ಪ್ರಶ್ನೆ, ಅಳೆದದ್ದು ಏನನ್ನು? ಕೊಲೆಸ್ಟ್ರಾಲ್ ಗುಳಿಗೆ ಸಿಮ್ವಾಸ್ಟಾಟಿನ್ ಸೆಕೆಂಡರಿ ಪ್ರೊಗ್ರೆಸಿವ್ ಬಗೆಯವರಲ್ಲಿ (ಮೊದಲು ಮರುಕಳಿಸುತ್ತಿದ್ದು ಆಮೇಲೆ ಏರುತ್ತಾ ಹೋಗುವ ಬಗೆ) ಮೆದುಳು ಕುಗ್ಗುವ ವೇಗವನ್ನು ಶೇ. 43ರಷ್ಟು ತಗ್ಗಿಸಿತೆಂದು 2014ರಲ್ಲಿ 140 ಜನರ ಟ್ರಯಲ್ ಹೇಳಿತ್ತು. ಅದು ಎಂಆರ್‌ಐ ಲೆಕ್ಕ. 964 ಜನರ ದೊಡ್ಡ ಟ್ರಯಲ್‌ನ ಫಲಿತಾಂಶ 2024ರಲ್ಲಿ ಬಂದಾಗ, ಅಂಗವೈಕಲ್ಯ ಹೆಚ್ಚುವುದನ್ನು ಆ ಗುಳಿಗೆ ತಡೆದಿರಲಿಲ್ಲ. ಹೈಡೋಸ್ ಬಯೋಟಿನ್ ಎಂಬ ವಿಟಮಿನ್‌ನ ಕಥೆಯೂ ಅಷ್ಟೇ: ಚಿಕ್ಕ ಟ್ರಯಲ್‌ನಲ್ಲಿ ಗೆದ್ದು, 2020ರ 642 ಜನರ ಟ್ರಯಲ್‌ನಲ್ಲಿ ಸೋತಿತು. ವಿಟಮಿನ್ ತಾನೇ ಎಂದು ಯಾರೂ ಸ್ವಂತಕ್ಕೆ ಶುರು ಮಾಡಬೇಡಿ. ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಹೃದಯಾಘಾತ ಪತ್ತೆಹಚ್ಚುವ ಟ್ರೊಪೋನಿನ್ ರಕ್ತಪರೀಕ್ಷೆಯನ್ನೂ ಅದು ತಪ್ಪು ತೋರಿಸುವಂತೆ ಮಾಡಬಲ್ಲದು. ಹೃದಯಾಘಾತದ ಸೂಚನೆಯೇ ಕೈತಪ್ಪಬಹುದು.

ನಾನು ಹೆಚ್ಚು ಹೊತ್ತು ಕೂತದ್ದು ಓಕ್ರೆಲಿಝುಮ್ಯಾಬ್ ಮುಂದೆ. ಪ್ರೈಮರಿ ಬಗೆಗೆ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಔಷಧಿ ಅದು, 2017ರಲ್ಲಿ. 732 ಜನರ ಟ್ರಯಲ್‌ನಲ್ಲಿ ಅಂಗವೈಕಲ್ಯ ಏರುವ ಅಪಾಯ ಶೇ. 24 ಕಡಿಮೆ ಎಂದು ಎಲ್ಲೆಡೆ ಬರೆದಿತ್ತು. ನಾನು ಅಣ್ಣನ ಎದುರು ಹಾಳೆಯ ಮೇಲೆ ಬಿಡಿಸಿ ಬರೆದೆ: ಕಾಯಿಲೆ ಏರಿದ್ದು ಪ್ಲಸೀಬೊ ಪಡೆದ ನೂರರಲ್ಲಿ ಸುಮಾರು 39 ಮಂದಿಗೆ, ಔಷಧಿ ಪಡೆದ ನೂರರಲ್ಲಿ 33 ಮಂದಿಗೆ. "ಅಂದ್ರೆ ಆರು ಜನ. ಆ ಆರರಲ್ಲಿ ನಾನಿರ್ತೀನಾ?" ಎಂದ.

ಅದೇ ಪ್ರಶ್ನೆಯನ್ನು ನ್ಯೂರಾಲಜಿಸ್ಟ್ ಹತ್ತಿರ ಒಯ್ದೆವು. ಖಚಿತವಾಗಿ ಯಾರೂ ಹೇಳಲಾಗದು, ಆದರೆ ವಯಸ್ಸು ಕಡಿಮೆಯಿದ್ದು ಎಂಆರ್‌ಐಯಲ್ಲಿ ಹೊಸ ಉರಿಯೂತ ಕಾಣುವವರಿಗೆ ಲಾಭ ಹೆಚ್ಚಿರಬಹುದು ಎಂದರು. ಆ ಟ್ರಯಲ್ 55 ವರ್ಷದೊಳಗಿನವರದು. ಅಣ್ಣ ಆ ಮಿತಿಯೊಳಗಿದ್ದ, ಸ್ಕ್ಯಾನ್‌ನಲ್ಲಿ ಉರಿಯೂತವೂ ಇತ್ತು. ಈ ಔಷಧಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸೋಂಕಿನ ಭಯವನ್ನು ಬಾಯಿಬಿಟ್ಟು ಮಾತಾಡಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ, ಲಸಿಕೆಗಳನ್ನು ಮುಗಿಸಿಕೊಂಡೇ ಡ್ರಿಪ್ ಶುರು ಮಾಡಿದೆವು.

ಈಗ ಆರು ತಿಂಗಳಿಗೊಮ್ಮೆ ಹೋದಾಗ ನಡಿಗೆಯ ಜೊತೆ ಕೈಯನ್ನೂ ಅಳೆಯಿರಿ ಎಂದು ಕೇಳುತ್ತೇವೆ. ಅಂಗವೈಕಲ್ಯದ ಮಾಮೂಲಿ ಸ್ಕೋರ್ ಹೆಚ್ಚಾಗಿ ಕಾಲನ್ನೇ ನೋಡುತ್ತದೆ. ಒಂಬತ್ತು ತೂತಿನ ಹಲಗೆಗೆ ಕಡ್ಡಿಗಳನ್ನು ಸಿಕ್ಕಿಸಿ ತೆಗೆಯಲು ಅಣ್ಣನಿಗೆ ಹಿಡಿದ ಸೆಕೆಂಡುಗಳನ್ನು, ಎಡಗೈ ಬಲಗೈ ಬೇರೆಬೇರೆಯಾಗಿ, ನಾನೇ ಬರೆದುಕೊಳ್ಳುತ್ತೇನೆ.